‘ವಾರ’ ಶಬ್ದದ ಅರ್ಥವೂ ಬಳಕೆಯೂ

ಮತ್ತಿಗಿರಿಯ ಆಸುಪಾಸಿನ ಒಂದು ಶಾಲೆಯಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಸಣ್ಣದೊಂದು ಸಂಗತಿ ಈ ಲೇಖನಕ್ಕೆ ಪ್ರೇರಣೆಯಾಯಿತು. ಕೆಳತರಗತಿಯ ಕನ್ನಡ ಪ್ರಶ್ನಪತ್ರಿಕೆಯಲ್ಲಿ “ನಿನ್ನೆ ಯಾವ ವಾರ?” ಎಂದು ಕೇಳಲಾಗಿತ್ತು. ಒಂದು ಮಗು ಅದಕ್ಕೆ “ಈ ವಾರ” ಎಂದು ಉತ್ತರ ಬರೆದಿತ್ತು. ಪರೀಕ್ಷಕರು ಕೆಂಪು ಶಾಯಿಯಿಂದ ಗೆರೆ ಎಳೆದು ಸೊನ್ನೆ ಕೊಟ್ಟರು. ಆ ಮಗುವಿನ ಮನೆಮಾತು ತಮಿಳು; ತಂದೆ ತಾಯಂದಿರು ಇಷ್ಟಪಟ್ಟು ಕನ್ನಡ ಶಾಲೆಗೆ ಸೇರಿಸಿದ್ದರು. ಅದೇ ವರ್ಷ ಕನ್ನಡ ಮನೆಯ ಮತ್ತೊಂದು ಮಗು ತಮಿಳು ಪತ್ರಿಕೆಯಲ್ಲಿ “ಎನ್ನ ಕಿಳಮೈ” ಎಂದಿರಬೇಕಾದ ಕಡೆ “ಎನ್ನ ವಾರಂ” ಎಂದು ಬರೆದು ಅಂಕ ಕಳೆದುಕೊಂಡಿತು. ಎರಡೂ ಉತ್ತರಪತ್ರಿಕೆಗಳು ಅಕಸ್ಮಾತ್ತಾಗಿ ನಮ್ಮ ಕೈಗೆ ಬಂದವು. ಒಂದೇ ಶಬ್ದ ಇಬ್ಬರು ಮಕ್ಕಳನ್ನು ಎರಡು ದಿಕ್ಕಿನಿಂದ ಎಡವಿಸಿದೆಯಲ್ಲಾ ಎಂದು ಆಶ್ಚರ್ಯವಾಗಿ, ಆ ಶಬ್ದದ ಹಿಂದೆ ಬಿದ್ದೆವು.

ಮಕ್ಕಳ ತಪ್ಪೇನೆಂಬುದನ್ನು ಮೊದಲು ನೋಡೋಣ. ಕನ್ನಡದಲ್ಲಿ ‘ವಾರ’ ಎಂದರೆ ಎರಡು ಅರ್ಥ. ಸೋಮವಾರ, ಮಂಗಳವಾರ ಎನ್ನುವಾಗ ಅದು ಒಂದು ದಿನ. ‘ಒಂದು ವಾರ ರಜೆ’ ಎನ್ನುವಾಗ ಏಳು ದಿನ. ತೆಲುಗಿನಲ್ಲಿಯೂ ಹೀಗೆಯೇ. ತಮಿಳಿನ ನಿತ್ಯವ್ಯವಹಾರದಲ್ಲಾದರೋ ‘ವಾರಂ’ ಎಂದರೆ ಏಳು ದಿನದ ಗುಂಪು ಮಾತ್ರ. ಒಂದೊಂದು ದಿನವನ್ನು ಹೇಳುವುದಕ್ಕೆ ‘ಕಿಳಮೈ’ ಎಂಬ ಬೇರೆ ಶಬ್ದವುಂಟು. ಕಾರ್ತಿಕ ಮಾಸದ ‘ಸೋಮವಾರಂ’ ಎಂಬಂತಹ ವ್ರತದ ಹೆಸರುಗಳಲ್ಲಿ ಮಾತ್ರ ಅಲ್ಲಿಯೂ ವಾರವು ದಿನವಾಗಿ ಉಳಿದಿದೆ. ಹೀಗಿರುವಲ್ಲಿ “ನಿನ್ನೆ ಯಾವ ವಾರ?” ಎಂದು ಕೇಳಿದರೆ, ತಮಿಳು ಮನೆಯಿಂದ ಬಂದ ಮಗು ‘ನಿನ್ನೆ ಎಂಬುದು ಯಾವ ಏಳು ದಿನಗಳ ಗುಂಪಿಗೆ ಸೇರಿದ್ದು?’ ಎಂದು ಅರ್ಥಮಾಡಿಕೊಂಡು “ಈ ವಾರ” ಎಂದು ಉತ್ತರಿಸಿದ್ದು ತರ್ಕಬದ್ಧವೇ ಆಗಿದೆ. ಪ್ರಶ್ನೆಯೇ ಎರಡು ಬಾಯಿಯುಳ್ಳದ್ದು.

ಈ ಇಬ್ಬಾಯಿ ಹೇಗೆ ಬಂತೆಂಬುದನ್ನು ತಿಳಿಯಲು ಶಬ್ದದ ಮೂಲಕ್ಕೆ ಹೋಗಬೇಕು. ಸಂಸ್ಕೃತದ ‘ವಾರ’ ಶಬ್ದಕ್ಕೆ ಮೂಲದಲ್ಲಿ ದಿನವೆಂದೂ ಅರ್ಥವಿಲ್ಲ, ಏಳು ದಿನವೆಂದೂ ಅರ್ಥವಿಲ್ಲ. ಅದರ ಅರ್ಥ ‘ಸರದಿ’. ‘ವಾರಂವಾರ’ ಎಂದು ನಾವು ದಿನವೂ ಹೇಳುವುದರಲ್ಲಿ ಈ ಹಳೆಯ ಅರ್ಥ ಹಾಗೆಯೇ ಕೂತಿದೆ. ವಾರಂವಾರ ಎಂದರೆ ವಾರಕ್ಕೊಮ್ಮೆ ಎಂದು ತಿಳಿದವರೂ ಇದ್ದಾರೆ, ಅದು ತಪ್ಪು, ಸರದಿಯ ಮೇಲೆ ಸರದಿ, ಎಂದರೆ ಮತ್ತೆ ಮತ್ತೆ ಎಂದು ಅದರ ಅರ್ಥ. ವೇಶ್ಯೆಗೆ ವಾರಾಂಗನೆ, ವಾರನಾರಿ ಎಂಬ ಹೆಸರುಗಳು ಬಂದುದೂ ಈ ಸರದಿಯ ಅರ್ಥದಿಂದಲೇ ಎಂದು ವಿವರಿಸುವುದುಂಟು. ನಮ್ಮ ‘ಬಾರಿ’ ಎಂಬ ಮಾತು ಸಹ ಈ ವಾರದ ಸಂತತಿಯೇ. ವಸತಿಯು ಬಸದಿಯಾಗಿ, ವರ್ಣವು ಬಣ್ಣವಾಗಿ, ವಂಧ್ಯೆಯು ಬಂಜೆಯಾದ ಭಾಷೆಯಲ್ಲಿ ವಕಾರವು ಬಕಾರವಾಗುವುದು ವಿಶೇಷವಲ್ಲ. ಆದಕಾರಣ ‘ವಾರಕ್ಕೆ ಎರಡು ಬಾರಿ’ ಎಂದು ಹೇಳುವಾಗ ಒಂದೇ ಶಬ್ದವನ್ನು ಎರಡು ವೇಷಗಳಲ್ಲಿ ಎರಡು ಸಲ ಬಳಸುತ್ತಿರುತ್ತೇವೆ. ತಾತ ಮೊಮ್ಮಗ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತಂತೆ.

ಸರದಿ ಎಂದರೆ ಯಾರ ಸರದಿ? ಗ್ರಹಗಳ ಸರದಿ. ಇದನ್ನು ತರಗತಿಯಲ್ಲಿ ಕರಿಹಲಗೆಯ ಮೇಲೆ ಬಿಡಿಸಿ ತೋರಿಸಬಹುದು. ಮಕ್ಕಳಿಗೆ ಬಹಳ ಹಿಡಿಸುತ್ತದೆ. ಆಕಾಶದಲ್ಲಿ ನಿಧಾನವಾಗಿ ಚಲಿಸುವುದರಿಂದ ತೊಡಗಿ ವೇಗವಾಗಿ ಚಲಿಸುವುದರವರೆಗೆ ಹಳಬರು ಗ್ರಹಗಳನ್ನು ಹೀಗೆ ಜೋಡಿಸಿದ್ದರು: ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ. ದಿನಕ್ಕೆ 24 ಹೋರೆಗಳು. ಒಂದೊಂದು ಹೋರೆಗೂ ಕ್ರಮವಾಗಿ ಒಬ್ಬೊಬ್ಬ ಅಧಿಪತಿ. ಸೂರ್ಯೋದಯದ ಮೊದಲ ಹೋರೆ ಯಾರದೋ ಆ ದಿನವೆಲ್ಲ ಅವನದು. ಭಾನುವಾರದ ಮೊದಲ ಹೋರೆ ರವಿಯದು. ಏಳು ಏಳರಂತೆ ಸುತ್ತಿ 8ನೆಯದು, 15ನೆಯದು, 22ನೆಯದು ಮತ್ತೆ ರವಿಯದೇ. 23 ಶುಕ್ರನಿಗೆ, 24 ಬುಧನಿಗೆ. ಅಲ್ಲಿಗೆ ದಿನ ಮುಗಿಯಿತು. ಮರುದಿನದ ಮೊದಲ ಹೋರೆ ಚಂದ್ರನದು, ಆದ್ದರಿಂದ ಸೋಮವಾರ. ಹೀಗೆಯೇ ಮುಂದರಿಸಿದರೆ ಕುಜ, ಬುಧ, ಗುರು, ಶುಕ್ರ, ಶನಿ ಎಂದು ನಾವು ಬಲ್ಲ ಕ್ರಮ ತಾನೇ ಬಂದು ನಿಲ್ಲುತ್ತದೆ. 24ನ್ನು 7ರಿಂದ ಭಾಗಿಸಿದರೆ ಉಳಿಯುವ 3 ಈ ಕ್ರಮಕ್ಕೆಲ್ಲ ಕಾರಣ. 499ರ ಸುಮಾರಿನ ಆರ್ಯಭಟೀಯದ ಕಾಲಕ್ರಿಯಾಪಾದದಲ್ಲಿ ಈ ಲೆಕ್ಕದ ಸೂತ್ರವಿದೆ. ‘ಹೋರಾ’ ಶಬ್ದವೇ ಗ್ರೀಕರಿಂದ ಬಂದುದರಿಂದ ಲೆಕ್ಕವೂ ಪಶ್ಚಿಮದಿಂದಲೇ ಬಂತೆಂಬುದನ್ನು ವಿದ್ವಾಂಸರು ಒಪ್ಪಿದ್ದಾರೆ. ಲೆಕ್ಕ ಎಲ್ಲಿಂದಲಾದರೂ ಬಂದಿರಲಿ, ಅದಕ್ಕೆ ‘ವಾರ’ ಎಂಬ ಹೆಸರನ್ನು ಕೊಟ್ಟವರು ನಮ್ಮವರು. ಸೋಮವಾರ ಎಂದರೆ ಚಂದ್ರನ ಸರದಿ. ಅಷ್ಟೆ.

ಹಳೆಯ ಕಾಲದಲ್ಲಿ ಈ ಹೆಸರು ಒಂದೇ ಆಗಿ ನಿಂತಿರಲಿಲ್ಲವೆಂಬುದೂ ಗಮನಾರ್ಹ. ಭಾರತದ ಶಾಸನಗಳಲ್ಲಿ ವಾರದ ಹೆಸರು ಕಾಣುವ ಅತ್ಯಂತ ಹಳೆಯ ನಿದರ್ಶನವೆಂದು ಮಧ್ಯಪ್ರದೇಶದ ಏರಣದಲ್ಲಿರುವ ಬುಧಗುಪ್ತನ ಶಾಸನವನ್ನು ಹೇಳುತ್ತಾರೆ. ಅದರ ಕಾಲ ಗುಪ್ತವರ್ಷ 165, ಎಂದರೆ ಕ್ರಿ.ಶ. 484. ಅಲ್ಲಿ ಗುರುವಾರವನ್ನು ಸುರಗುರುವಿನ ‘ದಿವಸ’ ಎಂದಿದೆಯೇ ಹೊರತು ವಾರವೆಂದಿಲ್ಲ. ಮುಂದೆ ಕನ್ನಡ ಶಾಸನಗಳ ಕಾಲಕ್ಕೆ ಬಂದರೆ ಆದಿತ್ಯವಾರ, ಸೋಮವಾರಗಳು ಧಾರಾಳವಾಗಿ ದೊರೆಯುತ್ತವೆ. ‘ವಡ್ಡವಾರ’ ಎಂಬ ವಿಚಿತ್ರವಾದ ಹೆಸರೂ ದೊರೆಯುತ್ತದೆ. ಇದು ಶನಿವಾರವೆಂಬುದು ಶಾಸನತಜ್ಞರಲ್ಲಿ ಹೆಚ್ಚಿನವರ ಅಭಿಪ್ರಾಯ. ತಿಥಿ ನಕ್ಷತ್ರಗಳನ್ನು ಗಣಿತದಿಂದ ತಾಳೆನೋಡಿ ಆ ತೀರ್ಮಾನಕ್ಕೆ ಬಂದರು. ‘ವಡ್ಡ’ ಎಂದರೆ ದೊಡ್ಡದು. ಶನಿಯ ಹೆಸರನ್ನು ಬಾಯಲ್ಲಿ ಆಡಬಾರದೆಂಬ ಅಂಜಿಕೆಯಿಂದ ಹೀಗೆ ಸುತ್ತಿ ಹೇಳಿರಬಹುದೆಂದು ನಮಗೆ ತೋರುತ್ತದೆ. ಹಾವಿಗೆ ಹುಳು ಎನ್ನುವವರು ನಾವು.

ಗಡಿಸೀಮೆಯಲ್ಲಿರುವ ನಮಗೆ ಒಂದು ಅನುಕೂಲವಿದೆ. ಬಾಗಲೂರು, ಬೇರಿಕೆ, ಶೂಲಗಿರಿ, ಕೆಳಮಂಗಲ, ತಳಿ, ದೇನ್ಕನಿಕೋಟೆಗಳಲ್ಲಿ ಒಂದೇ ಬೀದಿಯಲ್ಲಿ ಮೂರು ನಾಲ್ಕು ಭಾಷೆಗಳು ಕಿವಿಗೆ ಬೀಳುತ್ತವೆ. ಹೋಲಿಕೆಗೆ ಪುಸ್ತಕವನ್ನು ತೆರೆಯಬೇಕಾದ್ದಿಲ್ಲ. ಹದಿಮೂರನೆಯ ಶತಮಾನದ ಕೊನೆಯ ಭಾಗದಲ್ಲಿ ಹೊಯ್ಸಳ ರಾಮನಾಥನು ಈ ಸೀಮೆಯ ಕುಂದಾಣಿಯಿಂದ ಆಳುತ್ತಿದ್ದಾಗಲೂ ಇಲ್ಲಿ ಕನ್ನಡ ತಮಿಳುಗಳೆರಡೂ ನಡೆಯುತ್ತಿದ್ದವು. ಕನ್ನಡದಲ್ಲಿ ಶಾಸನ ಬರೆಸಿದವರು ‘ವಾರ’ ಎಂದರು; ತಮಿಳಿನಲ್ಲಿ ಬರೆಸಿದವರು ‘ಕಿಳಮೈ’ ಎಂದರು. ಈ ಕಿಳಮೈ ಎಂಬುದರ ಅರ್ಥ ಸರದಿಯಲ್ಲ, ಒಡೆತನ, ಸಂಬಂಧ. ತಮಿಳು ವೈಯಾಕರಣರು ಆರನೆಯ ವಿಭಕ್ತಿಯ ಅರ್ಥವನ್ನು ಹೇಳುವುದಕ್ಕೆ ಇದೇ ಶಬ್ದವನ್ನು ಉಪಯೋಗಿಸುತ್ತಾರೆ. ‘ಕಿಳವನ್’ ಎಂದರೆ ಒಡೆಯ. ಆದ್ದರಿಂದ ‘ತಿಂಗಟ್ಕಿಳಮೈ’ ಎಂದರೆ ಚಂದ್ರನಿಗೆ ಸೇರಿದ ದಿನ. ಕಾಸರಗೋಡಿನ ನಮ್ಮ ಬಂಧುಗಳು ಮಲಯಾಳದಲ್ಲಿ ‘ಆಳ್ಚ’ ಎಂದು ಕೇಳುತ್ತಾರೆ. ಅದು ‘ಆಳು’ ಎಂಬ ಧಾತುವಿನಿಂದ ಬಂದುದೆಂದು ಹೇಳುವುದುಂಟು. ಆ ಪ್ರಕಾರ ‘ತಿಂಗಳಾಳ್ಚ’ ಎಂದರೆ ಚಂದ್ರನು ಆಳುವ ದಿನ. ಆಳ್ಚವೂ ನಮ್ಮ ವಾರದಂತೆಯೇ ಒಂದು ದಿನಕ್ಕೂ ಏಳು ದಿನಕ್ಕೂ ಸಲ್ಲುತ್ತದೆ. ಒಂದೇ ಗ್ರಹ, ಒಂದೇ ದಿನ. ಒಬ್ಬರು ಅದನ್ನು ಗ್ರಹದ ಒಡೆತನವೆಂದರು, ಒಬ್ಬರು ಆಳ್ವಿಕೆಯೆಂದರು. ನಾವು, ತೆಲುಗರು, ಮರಾಠಿಗರು ಸರದಿಯೆಂದೆವು. ನಮ್ಮ ಮಾತಿನಲ್ಲಿ ಗ್ರಹಕ್ಕೆ ಸ್ವಲ್ಪ ಬಿಗಿ ಕಡಮೆ. ಇವತ್ತು ನಿನ್ನದು, ನಾಳೆ ಇನ್ನೊಬ್ಬನದು ಎಂಬ ಎಚ್ಚರಿಕೆ ಅದರಲ್ಲಿದೆ.

ಏಳು ದಿನದ ಗುಂಪಿಗೆ ಬೇರೆ ಬೇರೆ ಜನ ಬೇರೆ ಬೇರೆ ದಾರಿ ಹಿಡಿದಿದ್ದಾರೆ. ಹೊಸೂರಿನ ಉರ್ದು ಮಾತಾಡುವವರು ‘ಹಫ್ತಾ’ ಎನ್ನುತ್ತಾರೆ; ಪಾರಸಿಯಲ್ಲಿ ‘ಹಫ್ತ್’ ಎಂದರೆ ಏಳು. ಸಂಸ್ಕೃತದ ಸಪ್ತಾಹವೂ ಏಳೇ. ಆದರೆ ಇಂಗ್ಲಿಷಿನ ‘ವೀಕ್’ ಎಂಬ ಶಬ್ದದಲ್ಲಿ ಏಳು ಇಲ್ಲ. ಅದರ ಹಳೆಯ ಜರ್ಮಾನಿಕ್ ಮೂಲಕ್ಕೆ ಬದಲಾವಣೆ, ಸರದಿ ಎಂಬ ಅರ್ಥವನ್ನೇ ಹೇಳುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಶಬ್ದಗಳು ಸರದಿಯಿಂದಲೇ ಹೊರಟು ಏಳು ದಿನಕ್ಕೆ ಬಂದು ತಲಪಿವೆ. ದಿನ, ತಿಂಗಳು, ವರ್ಷಗಳಿಗೆ ಆಕಾಶದಲ್ಲಿ ಗುರುತಿದೆ. ಸೂರ್ಯ ಹುಟ್ಟುತ್ತಾನೆ, ಚಂದ್ರ ತುಂಬುತ್ತಾನೆ, ಮಳೆ ತಿರುಗಿ ಬರುತ್ತದೆ. ನಮ್ಮ ‘ತಿಂಗಳು’ ಎಂಬ ಅಚ್ಚಗನ್ನಡ ಶಬ್ದವೇ ಚಂದ್ರನ ಹೆಸರು. ಏಳು ದಿನಕ್ಕೆ ಮಾತ್ರ ಅಂತಹ ಗುರುತಿಲ್ಲ. ಅದು ಮನುಷ್ಯರು ಎಣಿಸಿ ಎಣಿಸಿ ಉಳಿಸಿಕೊಂಡು ಬಂದ ಕಾಲ. ಎಣಿಕೆ ತಪ್ಪಿದರೆ ಯಾವ ನಕ್ಷತ್ರವನ್ನು ನೋಡಿಯೂ ಇಂದು ಮಂಗಳವಾರವೆಂದು ಹೇಳಲಾಗದು. ಕನ್ನಡದಲ್ಲಿ ಇದಕ್ಕೆ ದೇಶ್ಯಶಬ್ದವಿಲ್ಲದಿರುವುದಕ್ಕೆ ಇದೇ ಕಾರಣವಿರಬೇಕು.

ಇನ್ನು ಮುಖ್ಯವಾದ ಪ್ರಶ್ನೆಗೆ ಬರೋಣ. ಒಂದು ದಿನದ ಸರದಿಯು ಏಳು ದಿನದ ಗುಂಪು ಆದುದು ಹೇಗೆ? ಇದನ್ನು ನಿಘಂಟುಗಳಿಗಿಂತ ಚೆನ್ನಾಗಿ ವಿವರಿಸುವುದು ನಮ್ಮ ಹಿರಿಯರ ಒಂದು ಪದ್ಧತಿ. ಅದೇ ವಾರಾನ್ನ.

ಹಳೆಯ ಮೈಸೂರು ಸೀಮೆಯಲ್ಲಿಯೂ ಅದರ ನೆರೆಯಲ್ಲಿಯೂ, ವಿದ್ಯಾರ್ಥಿನಿಲಯಗಳು ಹೆಚ್ಚಾಗಿಲ್ಲದ ಕಾಲದಲ್ಲಿ, ಓದಲು ಪೇಟೆಗೆ ಬಂದ ಬಡ ಹುಡುಗನು ಏಳು ಮನೆಗಳನ್ನು ಗೊತ್ತುಮಾಡಿಕೊಳ್ಳುತ್ತಿದ್ದನು. ಸೋಮವಾರ ಒಂದು ಮನೆಯಲ್ಲಿ ಊಟ, ಮಂಗಳವಾರ ಇನ್ನೊಂದರಲ್ಲಿ. ಮಹಾರಾಷ್ಟ್ರದಲ್ಲಿಯೂ ಇದು ರೂಢಿಯಲ್ಲಿತ್ತು. ಅಲ್ಲಿಯೂ ಇದಕ್ಕೆ ‘ವಾರ’ ಎಂದೇ ಹೆಸರು. ಇದು ಬಹುಮಟ್ಟಿಗೆ ಬ್ರಾಹ್ಮಣ ಹುಡುಗರ ನಡುವಣ ಏರ್ಪಾಡು. ಉಳಿದವರಿಗೆ ಮಠಗಳೂ ಮುಂದೆ ಜಾತಿವಾರು ಉಚಿತ ವಿದ್ಯಾರ್ಥಿನಿಲಯಗಳೂ ಆಸರೆಯಾದವು. ಯಾವ ಆಸರೆಯೂ ಸಿಕ್ಕದೆ ಓದು ಬಿಟ್ಟವರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಈ ಪದ್ಧತಿಯಲ್ಲಿ ಆಡುತ್ತಿದ್ದ ಮಾತುಗಳನ್ನು ನೋಡಿರಿ. “ನಮ್ಮ ಮನೆಯಲ್ಲಿ ಅವನಿಗೆ ಬುಧವಾರ ವಾರ” ಎಂದು ಮನೆಯಾಕೆ ಹೇಳುವಳು. ಇಲ್ಲಿ ಎರಡನೆಯ ‘ವಾರ’ ದಿನವೂ ಅಲ್ಲ, ಏಳು ದಿನವೂ ಅಲ್ಲ; ಶುದ್ಧವಾಗಿ ಸರದಿ. “ಗುರುವಾರಕ್ಕೆ ಇನ್ನೂ ವಾರ ಸಿಕ್ಕಿಲ್ಲ” ಎಂದರೆ ಗುರುವಾರ ಉಪವಾಸ. ಹುಡುಗನಿಗೆ ಏಳು ಮನೆಗಳ ಸುತ್ತು ಪೂರ್ತಿಯಾದಾಗ ವಾರ ಪೂರ್ತಿಯಾಯಿತು. ಮನೆಯವರ ಕಡೆಯಿಂದ ನೋಡಿದರೆ ವಾರವೆಂದರೆ ಒಂದು ದಿನ; ಹುಡುಗನ ಹೊಟ್ಟೆಯ ಕಡೆಯಿಂದ ನೋಡಿದರೆ ಏಳು. ಶಬ್ದವು ದಿನದಿಂದ ಗುಂಪಿಗೆ ಜಾರಿದ ಬಗೆ ಇದರಿಂದ ಕಣ್ಣಿಗೆ ಕಟ್ಟುತ್ತದೆ. ಒಂದು ಸರದಿ ತಿರುಗಿ ಅದೇ ಬಾಗಿಲಿಗೆ ಬರುವಷ್ಟರ ಕಾಲವೂ ‘ವಾರ’ ಎನಿಸಿಕೊಂಡಿತು.

ಸಂತೆಯದೂ ಇದೇ ಕಥೆ. ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿಯಲ್ಲಿ ಭಾನುವಾರ ದೊಡ್ಡ ಸಂತೆ. ಕುಂದಾರಪಳ್ಳಿಯಲ್ಲಿ ಶುಕ್ರವಾರ, ಆಡು ಕುರಿಗಳಿಗೆ ಹೆಸರಾದುದು. ತಮಿಳಿನಲ್ಲಿ ಇದನ್ನು ‘ವಾರಚ್ಚಂದೈ’ ಎನ್ನುತ್ತಾರೆ. ಬಟ್ಟೆಯ ಗಂಟನ್ನೋ ಬಳೆಯ ಮಲಾರವನ್ನೋ ಹೊತ್ತು ಸಂತೆಯಿಂದ ಸಂತೆಗೆ ತಿರುಗುವ ವ್ಯಾಪಾರಿಗೆ ಒಂದೊಂದು ಊರಿಗೆ ಒಂದೊಂದು ಸರದಿ. ಊರಿನವರಿಗೆ ಅವನು ಬರುವ ದಿನವೇ ವಾರ. ಸಾಲ ಕೊಟ್ಟವನು ವಸೂಲಿಗೆ ಬರುವುದೂ ಸಂತೆಯ ವಾರದಂದೇ. ಆದ್ದರಿಂದ ‘ವಾರದ ಬಡ್ಡಿ’ ಎಂಬ ಮಾತಿನಲ್ಲಿ ಏಳು ದಿನದ ಬಡ್ಡಿ ಎಂಬುದಕ್ಕಿಂತ, ಆ ದಿನ ತಪ್ಪದೆ ಬಂದು ಬಾಗಿಲಲ್ಲಿ ನಿಲ್ಲುವ ಬಡ್ಡಿ ಎಂಬ ಭಾವವೇ ಜನರಿಗೆ ಹೆಚ್ಚು ಹತ್ತಿರ.

ಮನೆದೇವರ ದಿನಕ್ಕೂ ‘ವಾರ’ ಎನ್ನುತ್ತಾರೆ. “ಇವತ್ತು ನಮ್ಮಲ್ಲಿ ವಾರ” ಎಂದರೆ ಮನೆ ಸಾರಿಸುತ್ತಾರೆ, ತಲೆಗೆ ಎರೆದುಕೊಳ್ಳುತ್ತಾರೆ, ಮಾಂಸ ಮುಟ್ಟುವುದಿಲ್ಲ. “ವಾರ ಮಾಡುತ್ತೇವೆ” ಎಂದು ಕ್ರಿಯಾಪದದೊಡನೆಯೂ ಸೇರುತ್ತದೆ. ಏಳು ದಿನಗಳಲ್ಲಿ ಒಂದು ದಿನ ದೇವರ ಸರದಿ. ಇಲ್ಲಿ ಹೆಸರೇ ಬೇಕಿಲ್ಲ. ಸೋಮವಾರವೋ ಶನಿವಾರವೋ ಎಂಬುದು ಆ ಮನೆಗೆ ಗೊತ್ತು.

ಆಡುಮಾತಿನಲ್ಲಿ ‘ವಾರ’ ಬಹಳ ಸವೆದುಹೋಗಿದೆ ಎಂಬುದನ್ನೂ ಉಪಾಧ್ಯಾಯರು ನೆನಪಿಡಬೇಕು. ಸ್ವಾಮಾರ, ಮಂಗಳಾರ, ಬುದುವಾರ, ಬೇಸ್ತಾರ, ಸುಕ್ರಾರ ಎಂದೇ ಮಕ್ಕಳ ಬಾಯಲ್ಲಿ ಬರುತ್ತದೆ. ಬೇಸ್ತಾರವು ಬೃಹಸ್ಪತಿವಾರದ ಸಂಕೋಚ. ತೆಲುಗಿನ ಬೇಸ್ತವಾರಂ ಅದರ ಅಕ್ಕ. ಇದನ್ನು ಗ್ರಾಮ್ಯವೆಂದು ಗದರಿಸುವವರನ್ನು ನೋಡಿದ್ದೇವೆ. ಗುರುವಾರ ಎಂಬ ಶುದ್ಧರೂಪವನ್ನು ಕಲಿಸಬೇಕು, ನಿಜ. ಆದರೆ ಬೇಸ್ತಾರದಲ್ಲಿ ಬೃಹಸ್ಪತಿ ಅಡಗಿದ್ದಾನೆಂದು ಹೇಳಿ ಕಲಿಸಿದರೆ ಮಗು ಎರಡನ್ನೂ ಉಳಿಸಿಕೊಳ್ಳುತ್ತದೆ.

ವಾರದ ನೆಂಟರೆಂದು ಹೇಳಿಕೊಂಡು ಬರುವ ಕೆಲವು ಶಬ್ದಗಳನ್ನು ಬಾಗಿಲಲ್ಲೇ ತಡೆಯಬೇಕಾಗಿದೆ. ‘ವಾರಸುದಾರ’ ಅರಬ್ಬಿಯ ‘ವಾರಿಸ್’ನಿಂದ ಬಂದುದು, ಸಂಬಂಧವಿಲ್ಲ. ಅಣ್ಣತಮ್ಮಂದಿರ ಹೆಂಡಿರು ಪರಸ್ಪರ ‘ವಾರಗಿತ್ತಿ’ಯರು, ವಾರಕ್ಕೊಬ್ಬಳು ಅಡಿಗೆ ಮಾಡುವುದರಿಂದ ಆ ಹೆಸರು ಬಂತೆಂದು ಒಬ್ಬ ಹಿರಿಯರು ನಮಗೆ ಗಂಭೀರವಾಗಿಯೇ ವಿವರಿಸಿದರು. ಕೇಳಲು ಸೊಗಸಾಗಿದೆ; ಆದರೆ ಅದರ ಹಳೆಯ ರೂಪ ‘ಓರಗಿತ್ತಿ’; ‘ಓರಗೆ’ ಎಂದರೆ ಸಮಾನತೆ, ಸರಿವಯಸ್ಸು. ಓರಗೆಯವಳೇ ಓರಗಿತ್ತಿ. ಅಡಿಗೆಯ ಸರದಿ ಆಮೇಲೆ ಬಂದ ಜಗಳ.

ಮೂರನೆಯ ನೆಂಟನನ್ನು ಅಷ್ಟು ಸುಲಭವಾಗಿ ಕಳುಹಿಸಲಾಗದು. ಹೊಲವನ್ನು ‘ವಾರಕ್ಕೆ’ ಕೊಡುವುದೆಂದರೆ ಬೆಳೆಯ ಪಾಲಿಗೆ ಕೊಡುವುದು. ಈ ಸೀಮೆಯ ಬಾರಾಮಹಲು 1792ರಲ್ಲಿಯೂ ಹೊಸೂರಿನ ಕಡೆಯ ಘಟ್ಟದ ಮೇಲಣ ಭಾಗ 1799ರಲ್ಲಿಯೂ ಟಿಪ್ಪುವಿನ ರಾಜ್ಯದಿಂದ ಕಂಪನಿಯ ಕೈಸೇರಿದ ಬಳಿಕ, ಮದ್ರಾಸಿನ ಕಂದಾಯದ ಕಾಗದಪತ್ರಗಳ ಭಾಷೆಯಾದ ಮೇಲ್ವಾರಂ, ಕುಡಿವಾರಂ ಎಂಬ ಮಾತುಗಳು ಇಲ್ಲಿಗೂ ಸಂದವು. ಮೇಲ್ವಾರವು ಸರ್ಕಾರಕ್ಕೋ ಜಮೀನ್ದಾರನಿಗೋ ಸಲ್ಲುವ ಪಾಲು. ಕುಡಿವಾರವು ಒಕ್ಕಲಿನ ಪಾಲು. ಈ ಪಾಲಿನ ವಾರವೂ ಸರದಿಯ ವಾರವೂ ಒಂದೇ ಶಬ್ದವೆಂದು ಸಾಧಿಸಲು ನಾವು ಹೊರಡುವುದಿಲ್ಲ. ತಮಿಳು ನಿಘಂಟು ಅವನ್ನು ಬೇರೆ ಬೇರೆಯಾಗಿಯೇ ಇಡುತ್ತದೆ. ಆದರೂ ಪಾಲು ಮತ್ತು ಸರದಿ ಎಂಬ ಅರ್ಥಗಳು ಒಂದನ್ನೊಂದು ಸೆಳೆಯುತ್ತವೆಂಬುದಕ್ಕೆ ಪಕ್ಕದಲ್ಲೇ ಸಾಕ್ಷಿಯಿದೆ. ತೆಲುಗಿನ ‘ವಂತು’ ಎಂಬುದಕ್ಕೆ ಪಾಲು ಎಂದೂ ಸರದಿ ಎಂದೂ ಎರಡರ್ಥ. ನಮ್ಮ ‘ವಂತಿಗೆ’ ಅದರ ಬಳಗದ್ದು. ಕಾಲವನ್ನು ಹಂಚಿಕೊಂಡರೆ ಸರದಿ, ಕಾಳನ್ನು ಹಂಚಿಕೊಂಡರೆ ಪಾಲು. ರೈತನ ಮನಸ್ಸಿನಲ್ಲಿ ಈ ಎರಡು ವಾರಗಳೂ ಬಹಳ ದೂರದಲ್ಲಿಲ್ಲ.

ಈಗ ಎಣಿಕೆಯ ಒಂದು ತೊಡಕು. ಹಳ್ಳಿಯವರು ವಾರವನ್ನು ಏಳು ದಿನವೆಂದು ಹೇಳುವುದು ಅಪರೂಪ. “ಎಂಟು ದಿನ ಬಿಟ್ಟು ಬಾ” ಎನ್ನುತ್ತಾರೆ. ಆದರೆ ಎರಡು ವಾರಕ್ಕೆ ಹದಿನಾರು ದಿನ ಎನ್ನುವುದಿಲ್ಲ. “ಹದಿನೈದು ದಿನ” ಎನ್ನುತ್ತಾರೆ. ಎಂಟೆರಡು ಹದಿನಾರಲ್ಲವೇ, ಒಂದು ದಿನ ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ. ಅವರು ಹೊರಟ ದಿನವನ್ನೂ ತಲಪಿದ ದಿನವನ್ನೂ ಸೇರಿಸಿ ಎಣಿಸುತ್ತಾರೆ. ಶುಕ್ರವಾರದಿಂದ ಶುಕ್ರವಾರಕ್ಕೆ, ಎರಡು ತುದಿಗಳೂ ಸೇರಿ, ಎಂಟು. ಅದರ ಮುಂದಿನ ಶುಕ್ರವಾರಕ್ಕೆ ಹದಿನೈದು. ನಡುವಣ ಶುಕ್ರವಾರ ಒಂದೇ ಸಲ ಎಣಿಕೆಗೆ ಬರುತ್ತದೆ. ಮರಾಠಿಯಲ್ಲಿ ವಾರಕ್ಕೆ ‘ಆಠವಡಾ’ ಎಂದೇ ಹೆಸರು. ‘ಆಠ್’ ಎಂದರೆ ಎಂಟು. ಫ್ರೆಂಚರೂ ವಾರಕ್ಕೆ ಎಂಟು ದಿನ, ಎರಡು ವಾರಕ್ಕೆ ಹದಿನೈದು ದಿನ ಎಂದೇ ಆಡುತ್ತಾರಂತೆ. ಆದ್ದರಿಂದ ಮಗುವೊಂದು “ವಾರಕ್ಕೆ ಎಂಟು ದಿನ” ಎಂದು ಬರೆದರೆ ಅದು ಅಜ್ಜಿಯ ಲೆಕ್ಕವನ್ನು ಬರೆದಿದೆ ಎಂದು ತಿಳಿಯಬೇಕು. ಗಣಿತದ ಲೆಕ್ಕ ಏಳೆಂದು ತಿದ್ದಬೇಕು. ಅಜ್ಜಿಯದು ಬೇರೆ ಬಗೆಯ ಎಣಿಕೆ ಎಂದೂ ಹೇಳಬೇಕು. ಬೇಲಿಯ ಗೂಟಗಳನ್ನು ಎಣಿಸುವುದಕ್ಕೂ ಗೂಟಗಳ ನಡುವಣ ಅಂಕಣಗಳನ್ನು ಎಣಿಸುವುದಕ್ಕೂ ಇರುವ ವ್ಯತ್ಯಾಸ ಇದು. ಇದಕ್ಕಿಂತ ಒಳ್ಳೆಯ ಪಾಠೋಪಕರಣ ಬೇರೆ ಬೇಕಿಲ್ಲ.

ಸುತ್ತೋಲೆ, ಪ್ರಕಟಣೆಗಳನ್ನು ಬರೆಯುವಾಗ ನಾವು ಉಪಾಧ್ಯಾಯರೇ ಹೆಚ್ಚು ತಪ್ಪುತ್ತೇವೆ. “ಪೋಷಕರ ಸಭೆ ಪ್ರತಿ ಎರಡನೆಯ ವಾರ” ಎಂದು ಬರೆದರೆ ತಿಂಗಳಿನ ಎರಡನೆಯ ವಾರವೋ, ಒಂದು ವಾರ ಬಿಟ್ಟು ಒಂದು ವಾರವೋ ಗೊತ್ತಾಗುವುದಿಲ್ಲ. ಇಂಗ್ಲಿಷಿನವರಿಗೂ ‘ಬೈವೀಕ್ಲಿ’ ಎಂಬ ಮಾತಿನಲ್ಲಿ ಇದೇ ಪೇಚಾಟ. ವಾರಕ್ಕೆ ಎರಡು ಸಲವೆಂದೂ ಎರಡು ವಾರಕ್ಕೊಂದು ಸಲವೆಂದೂ ಅವರ ನಿಘಂಟುಗಳೇ ಎರಡರ್ಥ ಕೊಡುತ್ತವೆ. ಕನ್ನಡದಲ್ಲಿ ಈ ಪೇಚಿಗೆ ಬೀಳಬೇಕಾದ್ದಿಲ್ಲ. ‘ವಾರಕ್ಕೆ ಎರಡು ಬಾರಿ’, ‘ಎರಡು ವಾರಕ್ಕೊಮ್ಮೆ’ ಎಂಬ ಎರಡು ಮಾತುಗಳು ಸ್ಪಷ್ಟವಾಗಿ ಬೇರೆ ಬೇರೆ. ಚತುರ್ಥಿಯನ್ನು ಎಲ್ಲಿ ಹಚ್ಚುತ್ತೇವೆ ಎಂಬುದರಲ್ಲಿಯೇ ಎಲ್ಲವೂ ಇದೆ. ‘ದ್ವೈ’ ಎಂದು ಸಂಸ್ಕೃತದ ಜುಟ್ಟು ಕಟ್ಟಿದಾಗಲೇ ಗೊಂದಲ ಆರಂಭ. ‘ಪಾಕ್ಷಿಕ’ ಎಂಬುದು ಪತ್ರಿಕೆಗಳಿಗೆ ಒಪ್ಪಿದೆ. ಅದೂ ನಿಖರವಾದ ಹದಿನಾಲ್ಕು ದಿನವಲ್ಲ, ಚಂದ್ರನ ಪಕ್ಷದ ಅಂದಾಜು. ‘ವಾರ ಬಿಟ್ಟು ಬನ್ನಿ’ ಎಂಬುದನ್ನು ಕೇಳಿದವನು ಏಳನೆಯ ದಿನ ಬಂದಾನು, ಎಂಟನೆಯ ದಿನವೂ ಬಂದಾನು. ತಮಿಳು ಬಲ್ಲವನಾದರೆ ಮುಂದಿನ ಭಾನುವಾರ ಕಳೆದ ಮೇಲೆ ಯಾವ ದಿನವಾದರೂ ಬಂದಾನು. ದಿನಾಂಕವನ್ನು ಬರೆದುಬಿಡುವುದು ಲೇಸು.

1970ರ ದಶಕದಲ್ಲಿ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಬಂದ ಮೇಲೆ ಹೊಸೂರಿನ ಚಹರೆಯೇ ಬದಲಾಯಿತು. ಮತ್ತಿಗಿರಿ ಅದರೊಳಗೆ ಸೇರಿಹೋಯಿತು. ಕಾರ್ಖಾನೆಗಳ ಹುಡುಗರು ‘ಶಿಫ್ಟ್’ ಎನ್ನುತ್ತಾರೆ. ಬಸ್ಸಿನಲ್ಲಿ ಒಬ್ಬ ಇನ್ನೊಬ್ಬನಿಗೆ “ಈ ವಾರ ನಂದು ನೈಟು, ಮುಂದಿನ ವಾರ ನಿಂದು” ಎಂದದ್ದನ್ನು ಕೇಳಿ ನಮಗೆ ಹೋರೆಯ ಗ್ರಹಗಳು ನೆನಪಿಗೆ ಬಂದವು. ಸರದಿಯ ಅರ್ಥ ಸತ್ತಿಲ್ಲ.

ಆ ಇಬ್ಬರು ಮಕ್ಕಳ ವಿಷಯಕ್ಕೆ ಮತ್ತೆ ಬರುತ್ತೇವೆ. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆಯ ಅಧಿನಿಯಮವು 2006–07ರಲ್ಲಿ ಒಂದನೆಯ ತರಗತಿಯಿಂದ ಜಾರಿಗೆ ಬಂದು ವರ್ಷಕ್ಕೊಂದು ತರಗತಿಯಂತೆ ಮೇಲೇರಿತು. ಕನ್ನಡ ತೆಲುಗು ಶಾಲೆಗಳ ಮಕ್ಕಳು ಹತ್ತನೆಯ ತರಗತಿಯ ಪರೀಕ್ಷೆಯ ಬಗೆಗೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಆ ವಾದವಿವಾದ ಈ ಲೇಖನದ ವಿಷಯವಲ್ಲ. ನಾವು ಹೇಳುವುದು ಇಷ್ಟು: ಎರಡು ಭಾಷೆಗಳಲ್ಲಿ ಒಂದೇ ರೂಪ, ಬೇರೆ ಅರ್ಥ ಇರುವ ಶಬ್ದಗಳು ನಮ್ಮ ಮಕ್ಕಳನ್ನು ದಿನವೂ ಎಡವಿಸುತ್ತಿವೆ, ಅಂತಹವುಗಳ ಪಟ್ಟಿಯೊಂದನ್ನು ಈ ಸೀಮೆಯ ಉಪಾಧ್ಯಾಯರು ಕೂಡಿ ಸಿದ್ಧಪಡಿಸಬೇಕು. ಬೆಂಗಳೂರಿನಲ್ಲಿಯೋ ಚೆನ್ನೈಯಲ್ಲಿಯೋ ಕೂತವರಿಗೆ ಅದು ಸಾಧ್ಯವಿಲ್ಲ. ಅಲ್ಲಿ ಈ ತೊಡಕು ಅವರ ಕಣ್ಣಿಗೇ ಬೀಳುವುದಿಲ್ಲ. ‘ವಾರ’ ಆ ಪಟ್ಟಿಯಲ್ಲಿ ಮೊದಲನೆಯದಾಗಲಿ. ಕನ್ನಡ ಪ್ರಶ್ನಪತ್ರಿಕೆಯಲ್ಲಿ “ನಿನ್ನೆ ಯಾವ ವಾರ?” ಎಂಬುದರ ಬದಲು “ನಿನ್ನೆಯ ದಿನದ ಹೆಸರೇನು?” ಎಂದು ಕೇಳಿದರೆ ಯಾರಿಗೂ ನಷ್ಟವಿಲ್ಲ. ತಮಿಳು ಪಾಠದಲ್ಲಿ ಕಿಳಮೈಯನ್ನು ಕಲಿಸುವಾಗ ಅದು ನಮ್ಮ ದಿನದ ವಾರವೆಂದೂ, ವಾರಂ ಎಂಬುದು ನಮ್ಮ ಏಳು ದಿನದ ವಾರವೆಂದೂ ಒಂದು ಮಾತು ಹೇಳಿದರೆ ಸಾಕು.

“ಈ ವಾರ” ಎಂದು ಬರೆದಿದ್ದ ಮಗುವನ್ನು ನಾವು ಆಮೇಲೆ ಕರೆದು ಮಾತಾಡಿಸಿದೆವು. ಪರೀಕ್ಷೆ ನಡೆದದ್ದು ಒಂದು ಶನಿವಾರ. ಅದರ ಹಿಂದಿನ ದಿನ ಏನು ವಾರವೆಂದು ಕೇಳಿದರೆ ಸುಮ್ಮನೆ ನಿಂತಿತು. ಆ ದಿನ ಅಪ್ಪ ಎಲ್ಲಿಗೆ ಹೋಗಿದ್ದರೆಂದು ಕೇಳಿದೆವು. “ಕುಂದಾರಪಳ್ಳಿಗೆ, ಎರಡು ಆಡು ಹಿಡಕೊಂಡು” ಎಂದು ತಟ್ಟನೆ ಹೇಳಿತು.